ಬಿದಿರುಪರದೆಯ ಸಂದಿನಿಂದ

೧೦ ಫೆಬ್ರವರಿ ೧೯೩೩, ಶುಕ್ರವಾರ, ಕಲಬುರ್ಗಿ

ಗೆಳತಿ ಮಸ್ತಾನಬಿ ಹೇಳಿದ ಮಾತು ಇನ್ನೂ ಕಿವಿಯಲ್ಲೇ ಇದೆ. ನಿದ್ದೆ ಬರುವ ಹಾಗಿಲ್ಲ.

ಹೈದರಾಬಾದಿನಿಂದ ಬಂದಿರುವ ಫ್ರಾನ್ಸಿನ ಚಿತ್ರಗಳ ಪ್ರದರ್ಶನಕ್ಕೆ ಇವತ್ತು ಹೆಂಗಸರಿಗಷ್ಟೇ ಪ್ರವೇಶವಿತ್ತು. ಇಬ್ಬರೂ ಟಾಂಗಾ ಮಾಡಿಕೊಂಡು ಹೋದೆವು. ನನಗೆ ತೀರಾ ಹಿಡಿಸಿದ್ದು ಕೆಂಪು ಹೂವಿನ ಹೊಲದ ಚಿತ್ರ. ಛತ್ರಿ ಹಿಡಿದ ಹೆಂಗಸೊಬ್ಬಳು ಹುಲ್ಲಿನ ನಡುವೆ ಇಳಿದು ಬರುತ್ತಾಳೆ. ಅವಳಿಗೆ ಮುಖವಿಲ್ಲ, ಬರೀ ಬಣ್ಣದ ಚುಕ್ಕೆಗಳು.

“ಕಣ್ಣು ಮೂಗು ಬರೀದೆ ಅರ್ಧಕ್ಕೇ ಬಿಟ್ಟಾರಲ್ರೀ,” ಎಂದು ವಕೀಲರ ಮನೆಯ ವಿಮಲಾಬಾಯಿ ಮುಂದೆ ಹೋದರು.

ಮಸ್ತಾನಬಿ ಮಾತ್ರ ಕದಲಲಿಲ್ಲ. “ಪರದೆ ಸಂದಿನ್ಯಾಗ ಕಮಲಾಪುರದ ಹಾದಿ ನನಗ ಹಿಂಗೇ ಕಾಣ್ತಿತ್ತು, ಕಾಶಿ,” ಎಂದಳು ನನಗೆ.

ಹುಡುಗಿಯರಾಗಿದ್ದಾಗ ದರ್ಗಾದ ಪ್ರತಿ ಉರುಸಿಗೂ ಕಮಲಾಪುರದಿಂದ ಮಸ್ತಾನಬಿಯ ಮನೆಯ ಎತ್ತಿನ ಗಾಡಿಯಲ್ಲೇ ಇಲ್ಲಿಗೆ ಬರುತ್ತಿದ್ದೆವು. ನಾನು ಮುಂದೆ, ಗಾಡಿ ಹೊಡೆಯುವ ದೌಲಪ್ಪನ ಪಕ್ಕ. ಅವಳು ಹಿಂದೆ, ಬಿದಿರುಕಡ್ಡಿಯ ಪರದೆಯೊಳಗೆ. ಪಾಪ, ಅವಳಿಗೇನೂ ಕಾಣದೆಂದು ಹಾದಿಯುದ್ದಕ್ಕೂ ಒದರುತ್ತಿದ್ದೆ: ಕುಸುಬಿ ಹೂ ಬಿಟ್ಟದ, ಕೆಂಪು ಬಾಳೆಗೊನೆ ಹೇರಿದ ಗಾಡಿ ಬಂತು. ಗಾಲಿಯ ಸದ್ದನ್ನೂ ಮೀರಿಸುವಂತೆ ಕೂಗುತ್ತಿದ್ದೆ.

“ಕಾಣ್ತಿತ್ತಂದ್ರ ಆವಾಗ ಯಾಕ ಹೇಳಲಿಲ್ಲ?” ಎಂದು ಕೇಳಿದೆ.

“ನೀ ಹೇಳೂದು ಕೇಳಾಕ ಚಂದ ಇತ್ತು. ಸುಮ್ನಿದ್ದೆ.”

ಸಿಟ್ಟು ಬಂತು, ಅಳುವೂ ಬಂತು. ಟಾಂಗಾದ ಪರದೆ ಇಳಿಸಿಕೊಂಡು ಮರಳುವಾಗ ನಾನು ಮುಖ ತಿರುಗಿಸಿ ಕುಳಿತೆ. ಅವಳೇ ಮೊಣಕೈಯಿಂದ ತಿವಿದಳು. “ಹೊರಗ ಏನದ, ಹೇಳು.”

ಸಂದಿನಲ್ಲಿ ಕಣ್ಣಿಟ್ಟು ನೋಡಿದೆ. ಸಂಜೆಯ ಬೀದಿ ಖಾಲಿಯಿತ್ತು.

“ಕೆಂಪು ಬಾಳೆಗೊನೆ ಹೇರಿದ ಗಾಡಿ ಬಂತು,” ಎಂದೆ.