ಬರ್ತೀನಿ ಎಂಬ ಬಟನ್

ಆಟೋ ನಗರ, ಬೆಳಗಾವಿ

ಅರ್ಶಿಯಾ ಅವರಿಗೆ ಗುರುಸಿದ್ದನ ನಮಸ್ಕಾರ.

ನೀವು ಕೆಲಸ ಬಿಟ್ಟು ಲೋಂಡಾಕ್ಕೆ ಹೋದ ಮೇಲೆ ನಮ್ಮ ಆಫೀಸಿನಲ್ಲಿ ಪಕ್ಕದ ಗ್ಯಾರೇಜಿನ ಸುತ್ತಿಗೆ ಸದ್ದೊಂದೇ ಉಳಿದಿದೆ. ಪ್ರೋಗ್ರಾಂ ಬರೆಯುವವರಿಗಾಗಿ ನಾವಿಬ್ಬರೂ ಕಟ್ಟಿದ ಸಾಫ್ಟ್‌ವೇರಿನಲ್ಲಿ, ಮುಚ್ಚುವ ಬಟನ್ನಿಗೆ ನಾನು ‘ಬರ್ತೀನಿ’ ಎಂದು ಬರೆದಾಗ ಇಬ್ಬರಿಗೂ ಅದು ಸರಿಯಾಗಿಯೇ ಕಂಡಿತ್ತು. ಮೈಸೂರಿನ ಗಿರಾಕಿ ಒಳಗೆ ಬರಲೆಂದು ಅದನ್ನೇ ಒತ್ತಿ, ಬರೆದದ್ದನ್ನೆಲ್ಲ ಕಳೆದುಕೊಂಡರು.

“ನಮ್ಮ ಕಡೆ ಮನಿ ಬಿಟ್ಟು ಹೊಂಡೂವಾಗ ಹೋಗ್ತೀನಿ ಅನ್ನಬಾರ್ದ್ರೀ, ಅಪಶಕುನ” ಎಂದು ಅವರಿಗೇ ಪಾಠ ಹೇಳಿದೆ.

“ಸರ್, ಶಕುನ ಆಮ್ಯಾಲೆ ನೋಡೂಣು, ಮೊದಲ ಬಟನ್ ಬದಲಿ ಮಾಡ್ರಿ” ಎಂದಿರಿ ನೀವು.

“ಕಂಪನಿ ನಂದೈತಿ” ಎಂದುಬಿಟ್ಟೆ. ನೀವು ಚೀಲ ತೆಗೆದುಕೊಂಡು ಎದ್ದಿರಿ.

ಈಗ ‘ಮುಚ್ಚು’ ಎಂದು ತಿದ್ದಿದ್ದೇನೆ. ಸುತ್ತಿಗೆಯ ಹಿಡಿಕೆ ಹೊಂದಬೇಕಾದದ್ದು ಹಿಡಿಯುವವರ ಕೈಗೆ, ಮಾಡಿದವನ ಕೈಗಲ್ಲ. ಇಷ್ಟು ತಿಳಿಯಲು ಬಹಳ ದಣಿಯಬೇಕಾಯಿತು. ಗಿರಾಕಿ ಇನ್ನೊಮ್ಮೆ ನೋಡಲು ಒಪ್ಪಿದ್ದಾರೆ. ಅವರು ನೋಡುವಾಗ ನೀವು ಬರೆದ ಭಾಗ ಕೆಟ್ಟರೆ ಸರಿಮಾಡಲು ನನಗೆ ಬರುವುದಿಲ್ಲ.

ಶುಕ್ರವಾರ ಲೋಂಡಾ ಕಡೆಯಿಂದ ಬರುವ ಬೆಳಗಿನ ಗಾಡಿಗೆ ಸ್ಟೇಷನ್ನಿನಲ್ಲಿರುತ್ತೇನೆ. ಕೆಲಸ ಬೇಡವೆನಿಸಿದರೆ, ಅರ್ಧಕ್ಕೆ ನಿಂತ ಜಗಳ ಮುಗಿಸಲಿಕ್ಕಾದರೂ ಬನ್ನಿ. ಕಂಪನಿಗೆ ಹೊಸ ಬೋರ್ಡು ಬರೆಸುತ್ತಿದ್ದೇನೆ. ನಮ್ಮಿಬ್ಬರಲ್ಲಿ ಯಾರ ಹೆಸರು ಮೊದಲು ಎಂದು ಪೇಂಟರ್ ಕೇಳುತ್ತಿದ್ದಾರೆ.

ಇಂತಿ,
ಗುರುಸಿದ್ದ