ಗೆಳೆಯ ಕೊಟ್ಟ ಗುಳಿಗೆ

ದೇವದುರ್ಗ
೧೪ ಮಾರ್ಚ್ ೨೦೨೬, ಶನಿವಾರ

ಜೀವದ ಗೆಳೆಯ ಪೀರಾ ಸಾಬನಿಗೆ ವಿರೂಪಣ್ಣನ ಸಲಾಮು.

ಫೋನಿನಲ್ಲಾದರೆ ನಗಿಸಿ ಮಾತು ಹಾರಿಸುತ್ತೀ, ಅದಕ್ಕೇ ಕಾಗದ. ಮಾನ್ವಿಗೆ ಹೊರಟಿರುವ ಪಕ್ಕದ ಮನೆಯ ಕನಕರಾಯನ ಕೈಯಲ್ಲಿ ಕಳಿಸುತ್ತಿದ್ದೇನೆ. ಅವನಿಗೆ ಶರಬತ್ತು ಕೊಡಿಸು, ನೀನು ಕುಡಿಯದಿದ್ದರೂ.

ನಿನ್ನೆ ನಿನ್ನ ಹೆಂಡತಿ ಲತೀಫಾ ಫೋನು ಮಾಡಿದ್ದಳು. ನಿನ್ನ ಕಾಲು ಬಾತಿವೆಯಂತೆ, ಮೂತ್ರ ಕಡಿಮೆಯಂತೆ, ರಕ್ತದಲ್ಲಿ ಕ್ರಿಯಾಟಿನಿನ್ ಏರಿದೆಯಂತೆ, ಸೋಮವಾರ ರಾಯಚೂರಿಗೆ ತೋರಿಸಲು ಹೋಗುತ್ತೀರಂತೆ. ಏನೇನು ಗುಳಿಗೆ ನುಂಗುತ್ತೀ ಎಂದು ನಿಮ್ಮೂರ ಡಾಕ್ಟರು ಕೇಳಿದರೆ ಬಿಪಿಯದೊಂದೇ ಎಂದೆಯಂತೆ. ನಾನು ಕೊಟ್ಟ ಮೊಣಕಾಲು ನೋವಿನ ಗುಳಿಗೆಯ ಮಾತು ಯಾಕೆ ಎತ್ತಲಿಲ್ಲ ಎಂದು ಅವಳು ಜಗಳ ತೆಗೆದಾಗ ನೀನು ಹೇಳಿದ್ದನ್ನು ಕೇಳಿ ನನಗೆ ಊಟ ಸೇರಲಿಲ್ಲ.

"ಗೆಳೆಯ ಕೊಟ್ಟಿದ್ದು ಔಷಧ ಹೆಂಗ ಆಗ್ತದ ಬೇ?"

ಬಿಎಸ್ಸಿಯಲ್ಲಿ ನೆಫ್ರಾನಿನ ಚಿತ್ರ ಬರೆದದ್ದು ನೆನಪಿದೆಯೇ? 'ನೆಫ್ರಾನ್ ಈಸ್ ದ ಫಂಕ್ಷನಲ್ ಯೂನಿಟ್ ಆಫ್...' ಮುಂದಿನದು ಕಿಡ್ನಿಯೇ ಇರಬೇಕು. ನನ್ನದು ನೋಡಿ ಬರೆದ ನಿನಗೇ ಒಂದು ಮಾರ್ಕು ಹೆಚ್ಚು ಬಂತು. ಇರಲಿ. ಇವತ್ತು ಬೆಳಿಗ್ಗೆ ಇಲ್ಲಿಯ ಡಾಕ್ಟರಮ್ಮನ ಹತ್ತಿರ ಓಡಿದೆ. ಅವರು ಅದೇ ಚಿತ್ರ ಚೀಟಿಯ ಹಿಂದೆ ಗೀಚಿದರು. ನೋವಿನ ಗುಳಿಗೆ ಕಿಡ್ನಿಗೆ ರಕ್ತ ತರುವ ಸಣ್ಣ ನಾಳವನ್ನು ಬಿಗಿಯುತ್ತದೆ. ನಿನ್ನದರಂಥ ಬಿಪಿ ಗುಳಿಗೆ ರಕ್ತ ಹೊರಹೋಗುವ ನಾಳವನ್ನು ಸಡಿಲಿಸುತ್ತದೆ. ಎರಡೂ ಕೂಡಿದರೆ ಸೋಸುವ ಒತ್ತಡ ಇಳಿದುಹೋಗುತ್ತದೆ. ಅದರ ಮೇಲೆ ಈ ಬಿಸಿಲು, ನಿನ್ನ ರಂಜಾನಿನ ರೋಜಾ, ಬೆಳಗಿನ ಸಹರಿ ಊಟದಿಂದ ಸಂಜೆಯ ತನಕ ಹನಿ ನೀರಿಲ್ಲ. ಬೇಗ ಗೊತ್ತಾಗಿ ನಿಲ್ಲಿಸಿದರೆ ಎಷ್ಟೋ ಮಂದಿಗೆ ತಿರುಗಿ ಸರಿಹೋಗುತ್ತದಂತೆ. ಹೇಳದಿದ್ದರೆ ಡಾಕ್ಟರಿಗೆ ಹೇಗೆ ಗೊತ್ತಾಗಬೇಕು?

ಆ ಗುಳಿಗೆ ಇನ್ನು ಮುಟ್ಟಬೇಡ. ಬಿಪಿಯದನ್ನು ನೀನಾಗಿ ಬಿಡಲೂಬೇಡ. ಸೋಮವಾರದ ತನಕ ಕಾಯದೆ ಇವತ್ತೇ ರಾಯಚೂರಿಗೆ ಹೊರಡು. ಬೇನೆಯವರು ರೋಜಾ ಆಮೇಲೆ ತೀರಿಸಬಹುದೆಂದು ನೀನೇ ಒಮ್ಮೆ ನನಗೆ ಹೇಳಿದ್ದೆ. ಆ ಗುಳಿಗೆಯ ಸ್ಟ್ರಿಪ್ಪೊಂದನ್ನು ಇದರೊಳಗೆ ಇಟ್ಟಿದ್ದೇನೆ, ಡಾಕ್ಟರ ಮುಂದೆ ಇಡು. ಕೊಟ್ಟವನು ವಿರೂಪಣ್ಣ ಎಂದು ಹೇಳು. ನನ್ನ ಮರ್ಯಾದೆ ಕಾಯಲು ಹೋಗಬೇಡ.

ನಿನ್ನ ದಾರಿ ಕಾಯುವ,
ವಿರೂಪಣ್ಣ

ತಾ.ಕ.: ಆ ಗುಳಿಗೆ ಅಂಗಡಿಯಿಂದ ತಂದೆ ಎಂದಿದ್ದೆನಲ್ಲ, ಸುಳ್ಳು. ಹೋದ ವರ್ಷ ನನ್ನ ಹುಲಗೆಮ್ಮ ತೀರಿಕೊಂಡ ಮೇಲೆ ಅವಳ ಡಬ್ಬಿಯಲ್ಲಿ ಉಳಿದಿದ್ದವು. ಚೆಲ್ಲಲು ಮನಸ್ಸಾಗಲಿಲ್ಲ. ಅವಳ ಕಿಡ್ನಿ ಕೆಟ್ಟಾಗ ಡಾಕ್ಟರು ಇದೇ ಪ್ರಶ್ನೆ ಕೇಳಿದ್ದರು, ನಾನೂ ಬಿಪಿಯದೊಂದೇ ಎಂದಿದ್ದೆ. ಅವಳು ಪಕ್ಕದಲ್ಲೇ ಕೂತು ಹೂಂ ಎಂದಳು. ಗಂಡ ತಂದುಕೊಟ್ಟದ್ದನ್ನು ಅವಳೂ ಔಷಧವೆಂದು ಎಣಿಸಿರಲಿಲ್ಲ.