ನಿಧಿಯ ಲಂಗದ ಮಡಿಕೆ ಮತ್ತು ನಿಮ್ಮ ಪರೀಕ್ಷಾ ಪಟ್ಟಿ

ಉಚಿತ ರಕ್ತಪರೀಕ್ಷೆಗಳ ಪಟ್ಟಿಗೆ ಸಹಿ ಹಾಕುವ ಮಾನ್ಯ ಆರೋಗ್ಯಾಧಿಕಾರಿಗಳೇ,

ನಿಮ್ಮ ಪಟ್ಟಿಯ ಪ್ರಕಾರ ಥೈರಾಯ್ಡ್ ಗ್ರಂಥಿ ಇರುವುದು ಗರ್ಭಿಣಿಯರಿಗೆ ಮಾತ್ರ! ನನ್ನ ಮಗಳು ನಿಧಿಗೆ ಥಲಸ್ಸೀಮಿಯಾ. ಮೂರು ವಾರಕ್ಕೊಮ್ಮೆ ರಕ್ತ ಹಾಕಿಸದಿದ್ದರೆ ಅವಳು ಉಳಿಯುವುದಿಲ್ಲ. ಹಾಕಿಸಿದ ರಕ್ತದ ಕಬ್ಬಿಣಾಂಶ ಮೈಯಲ್ಲೇ ಉಳಿದು ಥೈರಾಯ್ಡನ್ನು ಕೆಡಿಸಬಹುದು, ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ ಎಂದು ಮೂರು ವರ್ಷದ ಹಿಂದೆಯೇ ಡಾಕ್ಟರು ಚೀಟಿ ಬರೆದುಕೊಟ್ಟರು. ಆಗಲೇ ಆ ಚೀಟಿ ಹಿಡಿದು ಹೋದರೆ ನಿಮ್ಮ ಪ್ರಯೋಗಾಲಯದ ಕಿಟಕಿಯಲ್ಲಿ ಕೂತ ಮಹಾಶಯರು ಕೇಳಿದ್ದೇನು ಗೊತ್ತೇ?

"ತಾಯಿ ಕಾರ್ಡ್ ಎಲ್ರೀ? ಬಸುರಿ ಎಂಗಸ್ರಿಗೆ ಕೊಡ್ತಾರಲ್ಲ, ಅದು."

"ಮಗು ಸಾ ಇದು. ಅನ್ನೊಂದು ವರ್ಸ."

"ಅಂಗಾರೆ ಪಟ್ಟೀಲಿಲ್ಲ, ಓಗಿ."

ಹೊರಗೆ ಮಾಡಿಸಬಹುದಿತ್ತಲ್ಲ ಎನ್ನುತ್ತೀರಿ. ಸರ್ಕಾರವೇ ಪಟ್ಟಿಯಲ್ಲಿ ಹಾಕಿಲ್ಲವೆಂದರೆ ಅಂಥ ಅಗತ್ಯವೇನೂ ಇರಲಾರದು ಎಂದು ನಂಬಿದೆ. ಅದು ನನ್ನ ದಡ್ಡತನ, ನಿಮ್ಮ ತಲೆಗೆ ಕಟ್ಟುವುದಿಲ್ಲ.

ನಾನು ಹಿರೀಸಾವೆಯಲ್ಲಿ ದರ್ಜಿ. ಬೆಳೆಯುವ ಮಕ್ಕಳ ಲಂಗದ ಅಂಚಿನಲ್ಲಿ ನಾಲ್ಕಿಂಚು ಬಟ್ಟೆ ಒಳಗೆ ಮಡಿಸಿ ಹೊಲಿಯುತ್ತೇವೆ, ಮಗು ಎತ್ತರವಾದಂತೆ ಬಿಚ್ಚಿ ಇಳಿಸುತ್ತೇವೆ. ಊರ ಮಕ್ಕಳದ್ದೆಲ್ಲ ಬಿಚ್ಚಿದೆ. ನನ್ನ ಮಗಳದ್ದು ಮೂರು ವರ್ಷವಾದರೂ ಬಿಚ್ಚಲೇ ಇಲ್ಲ. ಅಳತೆ ಟೇಪು ಕೊರಳಲ್ಲೇ ನೇತಾಡುತ್ತಿತ್ತು, ನನಗೆ ಹೊಳೆಯಲಿಲ್ಲ. ಬಿರುಬೇಸಿಗೆಯಲ್ಲೂ ಸ್ವೆಟರ್ ಹಾಕಿಕೊಂಡು ಮಲಗುತ್ತಿದ್ದವಳನ್ನು ಸೋಂಬೇರಿ ಎಂದು ಬೈಯುತ್ತಿದ್ದೆ. ಆ ಮಾತು ಈಗ ನನ್ನನ್ನೇ ತಿನ್ನುತ್ತಿದೆ.

ಕಳೆದ ತಿಂಗಳು ಹಾಸನದಲ್ಲಿ ಖಾಸಗಿಯಾಗಿ ಪರೀಕ್ಷೆ ಮಾಡಿಸಿದೆವು. ಥೈರಾಯ್ಡ್ ಪೂರಾ ಕೈಕೊಟ್ಟಿದೆ. ದಿನಕ್ಕೊಂದು ಸಣ್ಣ ಮಾತ್ರೆ ಸಾಕಿತ್ತಂತೆ. "ಮೊದ್ಲೇ ಗೊತ್ತಾಗಿದ್ರೆ..." ಎಂದು ಡಾಕ್ಟರು ಅರ್ಧಕ್ಕೇ ನಿಲ್ಲಿಸಿದರು. ಈಗ ಮಾತ್ರೆ ನುಂಗಿದರೂ ತಪ್ಪಿಹೋದ ಬೆಳವಣಿಗೆ ಪೂರ್ತಿ ಬರುತ್ತದೆಂಬ ಭರವಸೆ ಇಲ್ಲ. ಮೊನ್ನೆ ಹೊಸ ಲಂಗಕ್ಕೆ ಅಳತೆ ತೆಗೆಯುವಾಗ ನಿಧಿಯೇ ಹೇಳಿದಳು: "ಒಳಕ್ ಮಡಿಸ್ಬ್ಯಾಡ ಕಣಪ್ಪ. ಸುಮ್ನೆ ಬಟ್ಟೆ ದಂಡ." ಅವಳು ಹೇಳಿದ ಅಳತೆಗೇ ಬಟ್ಟೆ ಕತ್ತರಿಸಿದೆ ಸ್ವಾಮಿ.

ನಿಮ್ಮಿಂದ ನನಗೆ ಯಾವ ನಿರೀಕ್ಷೆಯೂ ಉಳಿದಿಲ್ಲ. ಕೊಟ್ಟ ಎರಡು ಅರ್ಜಿಗೂ 'ಪರಿಶೀಲನೆಯಲ್ಲಿದೆ' ಎಂದೇ ಉತ್ತರ ಬಂದಿದೆ. ಯಾರು, ಯಾವ ಕನ್ನಡಕ ಹಾಕಿಕೊಂಡು ಪರಿಶೀಲಿಸುತ್ತಿದ್ದಾರೋ! ಆದರೂ ಕೇಳುತ್ತೇನೆ. ರಕ್ತ ಹಾಕಿಸಿಕೊಳ್ಳುವ ಮಕ್ಕಳಿಗೆ ವರ್ಷಕ್ಕೊಂದು ಥೈರಾಯ್ಡ್ ಪರೀಕ್ಷೆ ಎಂದು ಆ ಪಟ್ಟಿಗೆ ಒಂದೇ ಒಂದು ಸಾಲು ಸೇರಿಸಿ. ರಕ್ತ ಹಾಕಿಸಿಕೊಳ್ಳುವಾಗ ನಿಧಿಯ ಪಕ್ಕದ ಹಾಸಿಗೆಯಲ್ಲಿ ಅರಕಲಗೂಡಿನ ರಂಜಿತಾ ಮಲಗುತ್ತಾಳೆ, ಎಂಟು ವರ್ಷದವಳು. ಅವಳಮ್ಮ ನನ್ನ ಹತ್ತಿರ ಲಂಗ ಹೊಲಿಸಿದ್ದಾರೆ. ಅದಕ್ಕೆ ನಾಲ್ಕಿಂಚು ಮಡಿಸಿಯೇ ಕೊಟ್ಟಿದ್ದೇನೆ.

ಇಂತಿ,
ಸ್ವಂತ ಮಗಳ ಲಂಗವನ್ನು ಮಡಿಕೆಯಿಲ್ಲದೆ ಹೊಲಿದ
ಚಂದ್ರಶೇಖರಯ್ಯ, ದರ್ಜಿ
ಹಿರೀಸಾವೆ, ಚನ್ನರಾಯಪಟ್ಟಣ ತಾಲ್ಲೂಕು